ಪತ್ತು

ಪತ್ತಿನ ಸಂಘದ ಬಾಗಿಲಲ್ಲಿ ಬೂಟಿನ ಹಿಮ ಕೊಡವಿಕೊಂಡೆ.
ಈರಿಯಲ್ಲಿ ನವೆಂಬರಿಗೇ ಶುರು,
ಸರೋವರ ಎದ್ದು ಬಂದು ಊರ ಮೇಲೆ ಬೀಳುವುದು.
ಜೇಬಿನಲ್ಲಿ ಇನ್ನೂರು ಡಾಲರು, ಎಲ್ಲ ಇಪ್ಪತ್ತರ ನೋಟು,
ಬೇಸಿಗೆಯಿಡೀ ಮೀನಂಗಡಿಯಲ್ಲಿ ಪರ್ಚ್ ಕರಿದ ದುಡ್ಡು.
ಮೂಸಿದರೆ ಇನ್ನೂ ಎಣ್ಣೆ.

ಎಷ್ಟು ಇಡುತ್ತೇನೋ ಅಷ್ಟೇ ಸಾಲ ಕೊಡುತ್ತಾರಂತೆ.
ನನ್ನ ದುಡ್ಡನ್ನು ನಾನೇ ಕಡ ತಂದು
ತಿಂಗಳು ತಿಂಗಳು ತೀರಿಸುತ್ತಾ ಹೋದರೆ
ಮುಂದೊಂದು ದಿನ ಬೇರೆಯವರ ದುಡ್ಡೂ ಸಿಗುತ್ತದಂತೆ.
ಹೇಳಿದವಳು ರೂಮಿನ ಟಿಯರ್ಸಾ.
ಅಪ್ಪನ ಕಾರ್ಡಿಗೆ ಅವಳ ಹೆಸರು ಸೇರಿ ನಾಲ್ಕು ವರ್ಷ,
ಏಳುನೂರ ಹನ್ನೊಂದು ಅಂಕ,
ಅಪ್ಪನ ಮೂಗು ಬಂದ ಹಾಗೆ ಬಂದದ್ದು.

ನನ್ನದು ಸೊನ್ನೆ ಅಂದುಕೊಂಡಿದ್ದೆ.
ಸೊನ್ನೆಯೂ ಅಲ್ಲ,
ಸೊನ್ನೆ ಬರೆಯಲಿಕ್ಕೂ ಒಂದು ಗೆರೆ ಬೇಕು.

ಮಿಸೆಸ್ ಡೆಲ್‌ಪೋರ್ಟೊ ಕನ್ನಡಕವನ್ನು ಹಣೆಗೇರಿಸಿ, ಇಳಿಸಿ,
"ಪತ್ತೇ ಇಲ್ಲ ಅಂದೆಯಲ್ಲ ಕೋರಾ,
ನಿನ್ನ ಪತ್ತೆ ಇದೆ ಇಲ್ಲಿ" ಎಂದು ಪರದೆ ತಿರುಗಿಸಿದರು.

ಗ್ಯಾಸ್ ಕಂಪನಿ. ಬಾಕಿ ಮುನ್ನೂರ ಹನ್ನೆರಡು.
ಗ್ರಾಹಕರು: ಕೋರಾ ಕ್ವಾಟ್ಕೋಸ್ಕಿ.

ನನಗಾಗ ಹದಿಮೂರು.

ಅವರು ಸುಮ್ಮನಿದ್ದರು. ಇಂಥವನ್ನು ನೋಡಿದವರು.
ಆಮೇಲೆ ಮೆಲ್ಲಗೆ, ಔಷಧಿ ಹೊತ್ತು ಹೇಳುವವರ ಹಾಗೆ:
ದೂರು ಕೊಡಬಹುದು, ಇದು ನಾನಲ್ಲ ಅಂತ,
ಆದರೆ ಪೊಲೀಸರು ಕೇಳುತ್ತಾರೆ, ಹಾಗಾದರೆ ಯಾರು?
ಕಟ್ಟಿಬಿಡಬಹುದು, ಕಟ್ಟಿದರೆ ಇದು ನಾನೇ ಅಂದ ಹಾಗೆ.
ಇಲ್ಲವೇ ಸುಮ್ಮನಿರಬಹುದು.
ಏಳು ವರ್ಷಕ್ಕೆ ತಾನೇ ಅಳಿಯುತ್ತದೆ.
ಬೆರಳು ಮಡಿಸಿ ಎಣಿಸಿದರು, ಇನ್ನೆರಡು, ಮೇಲೆ ಮೂರು ತಿಂಗಳು.

ಆ ಚಳಿಗಾಲ ನೆನಪಿದೆ ನನಗೆ.
ಅದರ ಹಿಂದಿನದು ಇನ್ನೂ ಚೆನ್ನಾಗಿ ನೆನಪಿದೆ,
ಕೋಟು ಹಾಕಿಕೊಂಡೇ ಮಲಗಿದ್ದು,
ಕೆಟಲಿನಲ್ಲಿ ನೀರು ಕಾಯಿಸಿ ತಮ್ಮನ ತಲೆ ತೊಳೆದದ್ದು.
ಆಮೇಲೆ ಒಂದು ಸಂಜೆ ಇದ್ದಕ್ಕಿದ್ದಂತೆ ಮನೆ ಬೆಚ್ಚಗೆ.
ಹೀಟರಿನ ಮೇಲೆ ಕಾಲುಚೀಲ ಒಣಗುವ ಉಣ್ಣೆಯ ವಾಸನೆ.
ಪ್ಲಾಸ್ಟಿಕ್ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ಬಂದ ಅಮ್ಮ
ಅದಕ್ಕೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ನಿಂತಿದ್ದಳು, ಎಷ್ಟೋ ಹೊತ್ತು.
ಗೋಡೆಯೊಳಗಿನ ಕೊಳವೆಯಲ್ಲಿ ಗುಟುಗುಟು
ನನ್ನ ಹೆಸರು ಕುದಿಯುತ್ತಿತ್ತು.
ನನಗೆ ಗೊತ್ತಿರಲಿಲ್ಲ.

ಭಾನುವಾರ ಫೋನಿನಲ್ಲಿ ಕೇಳಿಯೇಬಿಟ್ಟೆ.
ಆ ಕಡೆ ಟೀವಿಯ ಸದ್ದು ತಗ್ಗಿತು.
"ನನ್ನ ಹೆಸರು ತುಂಬಿಹೋಗಿತ್ತು" ಅಂದಳು,
"ನಿನ್ನದು ಖಾಲಿಯಿತ್ತು."
ಸ್ವಲ್ಪ ತಡೆದು, "ಮನೆಯಲ್ಲಿ ಚೊಕ್ಕವಾಗಿದ್ದದ್ದು ಅದೊಂದೇ."
ಕ್ಷಮಿಸು ಅನ್ನಲಿಲ್ಲ. ತಮ್ಮನ ಹಲ್ಲಿನ ವಿಷಯ ತೆಗೆದಳು.
ನನಗೆ ಸಿಟ್ಟು ಬಂತು. ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಕಾರ್ಡು ಬಂದಿದೆ. ಜಾಗ ಸಾಲದೆ
ಹೆಸರನ್ನು ಕ್ವಾಟ್ಕೋ ಅಂತ ಕತ್ತರಿಸಿದ್ದಾರೆ,
ಅರ್ಧ ನಂಬಿದವರ ಹಾಗೆ.
ಮೊದಲ ಖರ್ಚು ಬಟ್ಟೆ ಸೋಪು, ಒಂದು ಡಬ್ಬಿ ಬಿಸ್ಕತ್ತು:
ಆರು ಡಾಲರು ನಲವತ್ತು.
ಅಂದೇ ತೀರಿಸಹೋದೆ. ಬಿಲ್ಲು ಇನ್ನೂ ಹುಟ್ಟಿಲ್ಲ, ತಡೆಯಿರಿ,
ಅಂದಿತು ಫೋನಿನೊಳಗಿನ ಹೆಣ್ಣು.

ದೂರಿನ ಫಾರ್ಮು ಮೇಜಿನ ಖಾನೆಯಲ್ಲಿದೆ,
ನನ್ನ ಹೆಸರಷ್ಟೇ ತುಂಬಿ ಬಿಟ್ಟದ್ದು.
ಕೆಳಗಿನ ಸಾಲು ಖಾಲಿ.

ರಾತ್ರಿ ಹಾಸ್ಟೆಲಿನ ಹೀಟರು ಟಕ್ ಟಕ್ ಎಂದು ಏಳುತ್ತದೆ.
ಟಿಯರ್ಸಾ ಹೊದಿಕೆ ಒದ್ದು ಆಚೆ ತಿರುಗುತ್ತಾಳೆ.
ಕಾಲು ಚಾಚಿ, ಅಂಗಾಲು ತಾಗಿಸಿ, ಮಲಗಿಯೇ ಯೋಚಿಸುತ್ತೇನೆ
ಇದು ಯಾರ ಹೆಸರಿನಲ್ಲಿದೆಯೋ.