ಹಿಟ್ಟು ಹುದುಗುವ ಹೊತ್ತು

ತೆಲಾವಿಯ ಇಳಿಜಾರು ಓಣಿಯಲ್ಲಿ
ನಸುಕಿನ ನಾಲ್ಕಕ್ಕೆ ನಾತೆಲಾ
ಮಣ್ಣೊಲೆಯ ಬಾವಿಯೊಳಗೆ ಅರ್ಧ ಮೈ ಇಳಿಸಿ
ಹಿಟ್ಟನ್ನು ಗೋಡೆಗೆ ಬಡಿಯುತ್ತಾಳೆ,
ಬಡಿದಷ್ಟೂ ಸಾಲದೆಂಬಂತೆ.

ತಮ್ಮ ಓತಾರ್ ಅಪ್ಪನ ದ್ರಾಕ್ಷಿತೋಟ ಮಾರಿದ.
ಕೇಳಲಿಲ್ಲ. ಹೇಳಲೂ ಇಲ್ಲ.
ಗೊತ್ತಾದದ್ದು ರೊಟ್ಟಿ ಕೊಳ್ಳಲು ಬಂದವರ ಬಾಯಿಂದ,
ಚಿಲ್ಲರೆ ಎಣಿಸುತ್ತಿರುವಾಗ.

ಆಮೇಲೆ ಇಗರ್ಜಿಯಲ್ಲಿ
ಎಲ್ಲರ ಜೊತೆ ಪ್ರಾರ್ಥನೆ ಹೇಳುವಾಗ
ಕ್ಷಮೆಯ ಸಾಲು ಬಂದರೆ ತುಟಿ ಮುಚ್ಚುತ್ತಾಳೆ;
ಮುಂದಿನ ಸಾಲಿಗೆ ಮತ್ತೆ ಸೇರಿಕೊಳ್ಳುತ್ತಾಳೆ,
ಹೊಂಡ ಬಳಸಿ ಬಂದ ಎತ್ತಿನ ಹಾಗೆ.

ಪಾದ್ರಿ ಗ್ರಿಗೋಲರಿಗೆ ಕಿವಿ ಮಂದ.
ಆ ಮೌನ ಮಾತ್ರ ಕೇಳಿಸಿತ್ತು.
"ಸುಳ್ಳು ಹೇಳದೆ ಬಿಟ್ಟೆಯಲ್ಲ, ಅದೂ ಪ್ರಾರ್ಥನೆಯೇ.
ಸಿಟ್ಟನ್ನು ಹೂತಿಡಬೇಡ, ಆತನ ಮುಂದೆಯೇ ಒಯ್ದು ಸುರಿ.
ಮೊಳೆ ತಾಳಿದ ಕೈ ನಿನ್ನ ಬೈಗುಳ ತಾಳದೇ?"

ಅಂದಿನಿಂದ ಬೈಯುತ್ತಾಳೆ.
ಶಿಲುಬೆಯ ಗುರುತು ಹಾಕಿ, ಒಲೆಯ ಬಾಯಿಗೆ ಬಾಗಿ,
"ಕರ್ತನೇ, ಇವತ್ತೂ ಹೋಗಿಲ್ಲ" ಅನ್ನುತ್ತಾಳೆ.
ಹೊಗೆಗೋ ಏನೋ ಕಣ್ಣು ಉರಿಯುತ್ತದೆ.
ಕೆಲವು ದಿನ ಒಳಗಿನ ಉರಿ ಬರೀ ಹಸಿವಿನಷ್ಟು,
ಕೆಲವು ದಿನ ಒಲೆಗಿಂತ ಹೆಚ್ಚು.

ಮಹಾ ಉಪವಾಸಕ್ಕೆ ಮುಂಚಿನ ಭಾನುವಾರ ಸಂಜೆ
ಒಬ್ಬರಿಗೊಬ್ಬರು ಬಾಗಿ ಕ್ಷಮೆ ಬೇಡುವ ಸಾಲಿನಲ್ಲಿ
ಎದುರಿಗೆ ಓತಾರನೇ ನಿಂತ.
ಅವನ ಕೋಟಿನ ತೋಳಲ್ಲಿ ಒಂದು ಗುಂಡಿ ಇರಲಿಲ್ಲ.
ಅವಳಿಗೆ ಮಾತು ಬರಲಿಲ್ಲ.
ಬೆನ್ನು ಮಾತ್ರ, ಯಾರನ್ನೂ ಕೇಳದೆ, ಬಾಗಿತು.

ರಾತ್ರಿ ನಾಳೆಯ ಹಿಟ್ಟಿಗೆ ಹುಳಿ ಬೆರೆಸಿ
ಬಟ್ಟೆ ಮುಚ್ಚುವಾಗ ನೆನಪಾದದ್ದು
ತೋಟವಲ್ಲ,
ಆ ಗುಂಡಿ.