ತೊರೆ

ಸೋಂಗ್‌ಕೋಲ್ ಸರೋವರದ ದಡ, ಜುಲೈ.
ಎರಡು ಗೂಟಗಳ ನಡುವೆ ನೆಲಕ್ಕಂಟಿ ಎಳೆದ ದಾವಣಿ,
ದಾವಣಿಗೆ ಹನ್ನೊಂದು ಕುದುರೆಮರಿ.
ತಾಯಂದಿರು ಗುಡ್ಡದಾಚೆ ಮೇಯುತ್ತವೆ,
ಎರಡು ತಾಸಿಗೊಮ್ಮೆ ತಾವೇ ಬರುತ್ತವೆ.
ಕುದುರೆಯ ಕೆಚ್ಚಲು ಚಿಕ್ಕದು, ಕೂಡಿಡಲು ಜಾಗವಿಲ್ಲ.

ಬೂರ್ಮಾ ಒಂದು ಮರಿ ಬಿಚ್ಚುತ್ತಾಳೆ.
ಅದು ಮೂತಿಯಿಂದ ಗುದ್ದುತ್ತದೆ, ಚೀಪುತ್ತದೆ, ಮತ್ತೆ ಗುದ್ದುತ್ತದೆ.
ಇಪ್ಪತ್ತು ಉಸಿರು. ತಾಯಿಯ ಕಿವಿ ಸಡಿಲಾಗುತ್ತದೆ.
ಆಗ ಮರಿಯನ್ನು ಸರಿಸಿ, ಒಂದು ಮಂಡಿಯೂರಿ,
ಹಿಂಗಾಲನ್ನು ತೋಳಿಂದ ಬಳಸಿ
ಕೈ ಹಾಕುತ್ತಾಳೆ.

ಇದಕ್ಕೆ ನಮ್ಮಲ್ಲಿ ತೊರೆ ಬಿಟ್ಟಿತು ಅನ್ನುತ್ತಾರೆ.
ತೊರೆ: ಹರಿಯುವ ಹಳ್ಳ.
ತೊರೆ: ಬಿಟ್ಟು ಹೋಗು.
ಒಂದೇ ಮಾತಿಗೆ ಇಷ್ಟು ಹೊರೆ ಯಾರು ಹೊರಿಸಿದರೋ.

ಮಗಳು ಜಿಪಾರ್ ಬಿಷ್ಕೆಕ್‌ನಲ್ಲಿ ಪಶುವೈದ್ಯ ಓದುತ್ತಾಳೆ.
ರೊಟ್ಟಿ ಹಲಗೆಯ ಹಿಟ್ಟಿನಲ್ಲಿ ಬೆರಳಾಡಿಸಿ ತೋರಿಸಿದಳು:
ದ್ರಾಕ್ಷಿ ಗೊಂಚಲು. ಒಂದೊಂದು ಹಣ್ಣೂ ಟೊಳ್ಳು,
ಗೋಡೆಗೆ ಒಂದೇ ಸಾಲು ಜೀವಕೋಶ.
ಹೊರಗೆ ರಕ್ತ ಸುತ್ತುತ್ತದೆ, ಕೆಂಪಾಗಿ ಬಂದು ಕೆಂಪಾಗಿಯೇ ಹೋಗುತ್ತದೆ;
ಗೋಡೆ ಅದರಿಂದ ಸಕ್ಕರೆ, ಸುಣ್ಣ, ಕೊಬ್ಬು, ನೀರು ಎತ್ತಿಕೊಂಡು
ಒಳಗೆ ಬೆಳ್ಳಗೆ ಬೆವರುತ್ತದೆ.
"ಹಸುವಾದರೆ ಲೀಟರ್ ಹಾಲಿಗೆ ನಾನೂರು ಲೀಟರ್ ರಕ್ತ ಹಾಯಬೇಕು, ಅಮ್ಮಾ."
"ಮರಿ ಗುದ್ದುವುದು ಯಾಕೆ ಮತ್ತೆ?"
"ಗುದ್ದು ಮಿದುಳಿಗೆ ಮುಟ್ಟುತ್ತೆ. ಮಿದುಳು ರಕ್ತಕ್ಕೆ ಒಂದು ಹನಿ ಬಿಡುತ್ತೆ.
ಹಣ್ಣಿನ ಸುತ್ತ ಬುಟ್ಟಿಯಂತೆ ಹೆಣೆದ ಸ್ನಾಯು
ಹಿಂಡಿಕೊಳ್ಳುತ್ತೆ. ಹೆದರಿದರೆ ಮಾತ್ರ ಆಗೋಲ್ಲ."
"ಹಾಗಾದರೆ ನಿಮ್ಮಪ್ಪನಿಗೆ ಹೇಳು,
ಕರೆಯುವ ಹೊತ್ತಲ್ಲಿ ಮೋಟಾರ್‌ಸೈಕಲ್ ಒದೆಯಬೇಡ ಅಂತ."
ಗೊಂಚಲಿನ ಮೇಲೆಯೇ ಬೂರ್ಮಾ ರೊಟ್ಟಿ ಲಟ್ಟಿಸಿದಳು.

ಮಂಗಳವಾರ, ರಾತ್ರಿ ತಾಯ ಜೊತೆ ಬಿಟ್ಟಿದ್ದಾಗ,
ಬೂದು ಕುದುರೆಯ ಮರಿಯನ್ನು ತೋಳ ಒಯ್ದಿತು.
ಆದರೂ ಅದು ಬಂತು, ಎರಡು ತಾಸಿಗೆ ಸರಿಯಾಗಿ,
ದಾವಣಿಯ ತುದಿಗೆ, ಬರಿ ಕಣ್ಣಿಯ ಪಕ್ಕ ನಿಂತಿತು.
ಕೆಚ್ಚಲು ಕಲ್ಲು. ತುಂಬಿದೆ, ಇಳಿಯದು.

ಬೂರ್ಮಾ ಆ ಕಣ್ಣಿಯನ್ನು ತನ್ನ ಕೊರಳಿಗೆ ಹಾಕಿಕೊಂಡಳು.
ಕುರೂ, ಕುರೂ ಎಂದಳು. ತಲೆವಸ್ತ್ರ ಬಿಚ್ಚಿ
ಹಣೆಯಿಂದ ಗುದ್ದಿದಳು,
ಐವತ್ತೆಂಟರ ಹೆಂಗಸು, ಮರಿಯಷ್ಟೇ ಒರಟಾಗಿ.
ಜಿಪಾರ್ ಬೇರೆ ಕಡೆ ನೋಡಿದಳು.
ನಾಲ್ಕನೆಯ ಸಲಕ್ಕೆ ಬಕೆಟ್ಟಿನ ತಳದಲ್ಲಿ
ಎರಡು ಎಳೆ ಸದ್ದಾಯಿತು.

ಆಮೇಲೆ ದಿನಕ್ಕೊಂದು ಬಟ್ಟಲು, ಅರ್ಧ ಬಟ್ಟಲು.
ಒಳಗೇ ಉಳಿದ ಹಾಲು ಗೋಡೆಗೆ ಹೇಳುತ್ತದಂತೆ, ಸಾಕು, ಮಾಡಬೇಡ.
ಗೋಡೆ ಕೋಶಕೋಶವಾಗಿ ಕಳಚಿ
ಗೊಂಚಲು ಮುದುಡುತ್ತದೆ.
ಇದನ್ನು ಜಿಪಾರ್ ಹಿಟ್ಟಿನಲ್ಲಿ ಬರೆದಿರಲಿಲ್ಲ.

ಹನ್ನೆರಡನೆಯ ದಿನ ಉಳಿದ ಹತ್ತು ಬಂದವು.
ಬೂದು ಕುದುರೆ ದಿಬ್ಬದ ಮೇಲೆ ಮೇಯುತ್ತಲೇ ಇತ್ತು,
ಒಮ್ಮೆ ತಲೆ ಕೊಡವಿತು, ನೊಣಕ್ಕೆ.
ಬೂರ್ಮಾ ಕಣ್ಣಿಯನ್ನು ಬಕೆಟ್ಟಿನ ಮುರಿದ ಹಿಡಿಗೆ ಸುತ್ತಿದಳು.
ಎರಡು ಗಂಟು.