ನೂರರ ಹೊಸ್ತಿಲು

ಶಹಾಬಾದಿನ ಪರ್ಸಿ ಹಾಸಿದ ಮೇಜಿನ ಮ್ಯಾಲ
ಎರಡು ಹಿತ್ತಾಳಿ ಗಟ್ಟಿ, ನಡುವ ನಾಕು ಮ್ಯಾಂಗನಿನ್ ಪಟ್ಟಿ.
ಚಾಂದಪಾಷಾ ಉಸ್ತಾದರು ಇದಕ್ಕ ಶಂಟ್ ಅಂತಿರಲಿಲ್ಲ.
"ಹೊಸ್ತಿಲು, ಜಗದೇವಿ. ಕರೆಂಟಿಗೆ ದಾಟಗೊಡು.
ಕಾಲು ಎಷ್ಟು ಎತ್ತಿತು, ಅಷ್ಟ ನೋಡು."

ನೂರು ಆಂಪಿಯರಿಗೆ ಎಪ್ಪತ್ತೈದು ಮಿಲಿವೋಲ್ಟು.
ಅಷ್ಟ ಎತ್ತರ.
ದಪ್ಪ ವಾಯರು ಎರಡು, ಹೊರಲಿಕ್ಕ.
ಸಣ್ಣವು ಎರಡು, ಬರೇ ಕೇಳಲಿಕ್ಕ.
ಹೊರುವವನ ಬಾಯಿಲೆ ತೂಕ ಕೇಳಬಾರದು,
ಅವನ ಏದುಸಿರೂ ಲೆಕ್ಕಕ್ಕ ಸೇರತದ.

ಕಟ್ಟಿಗಿ ಡಬ್ಬ್ಯಾಗ ಇಂಥಾವು ಆರು:
ಕೆಲವು ಅಂಗೈಯಷ್ಟು, ಕೊನೇದು ಬೆರಳಿಗೆ ಸುತ್ತೂವಷ್ಟು ಸುರುಳಿ.
ಮೇ ತಿಂಗಳ ಮಧ್ಯಾಹ್ನ, ಗ್ವಾಡಿ ಮುಟ್ಟಿದರ ಕೈ ಚುರ್ ಅಂತದ.
ಬಿಸಿಲಿಗೆ ತಾಮ್ರ ಮಾತು ಬದಲಸತದ,
ಮ್ಯಾಂಗನಿನ್ ಬದಲಸೂದಿಲ್ಲ.
ಅದಕ್ಕ ಅದರ ರೇಟೂ ಜಾಸ್ತಿ.

ಪಾಲಿಶ್ ಕಾರ್ಖಾನಿಯಿಂದ ಸಾಬವ್ವ ಬಂದಳು,
ಮೊಣಕಾಲ ತನಕ ಬೂದು ರಾಡಿ.
"ಮಷೀನು ಮುಟ್ಟಿದರ ಬೆರಳು ಜುಂ ಅಂತಾವ್ರಿ."
ಬೆನ್ನಿಗೇ ಮಾಲಕ:
"ನಿನ್ನಿ ಹಾಕಿ ನೋಡೀನಿ, ನಿಮ್ಮದೇ ಶಂಟು. ಸೊನ್ನಿ ತೋರಸ್ತು.
ಈಕಿಗಿ ಮೈಗಳ್ಳತನ."

ಉಸ್ತಾದರು ಜುಮ್ಮಾ ನಮಾಜಿಗೆ ಹೋಗಿದ್ದರು.
ನಾನೇ ಹೋದೆ, ಡಬ್ಬಿ ಬಗಲಾಗ ಇಟಗೊಂಡು.
ಮೋಟಾರು ಬಂದ್ ಮಾಡಿಸಿ, ಅರ್ಥಿನ ತಂತಿ ಬಿಚ್ಚಿ,
ನೂರರ ಹೊಸ್ತಿಲು ಕೂಡಿಸಿ, ಚಾಲೂ ಮಾಡಿಸಿದೆ.
ಖರೇನೇ, ಸೊನ್ನಿ.
ಲಾರಿ ತೂಗೂ ಕಾಟಾದ ಮ್ಯಾಲ
ಮೂಗುತಿ ಇಟ್ಟಂಗ.

ಮತ್ತ ಬಂದ್. ಒಂದು ಓಮಿನ ಸುರುಳಿ ತಗದೆ,
ಮೋಟಾರಿನ ದಾರ್ಯಾಗ ಇಟ್ಟಿದ್ದರ ಹೊಗಿ ಆಗಿ ಹೋಗೂವಂಥದು.
ಸೋರೂ ದಾರ್ಯಾಗ ಇಟ್ಟೆ.
ಹದಿನೆಂಟು.
ಹತ್ತೊಂಬತ್ತು.
ಹದಿನೆಂಟು ಮಿಲಿಆಂಪಿಯರಿಗೆ ನಿಂತಿತು.

"ಮಿಲಿ ಅಂದರ ಕಮ್ಮೀನೇ ಅಲ್ಲೇನು?" ಅಂದ ಮಾಲಕ.
ಸಾಬವ್ವ ಅಂಕಿ ನೋಡಲಿಲ್ಲ,
ತನ್ನ ಬೆರಳು ಒಂದೊಂದೇ ಮಡಚಿ ಬಿಚ್ಚಿ ನೋಡಿಕೊಂಡಳು,
ಯಾರೋ ಸಾಲ ತಗೊಂಡು ವಾಪಸ ಕೊಟ್ಟಂಗ.

ಸಂಜಿಗಿ ರಿಜಿಸ್ಟರ್ ಬರೀಲಿಕ್ಕ ಕುಂತೆ.
ಮಷೀನಿನ ನಂಬರು, ತಾರೀಖು, ವೈಂಡಿಂಗ್ ಬಿಚ್ಚಬೇಕು.
ಮೊದಲನೇ ಶಂಟಿನ ಎದುರು: ಸೊನ್ನಿ.
ಉಸ್ತಾದರು ಚಹಾದ ಬಸಿ ಕೆಳಗಿಟ್ಟು
ನನ್ನ ಕೈಯಾಗಿನ ಪೆನ್ನು ತಗೊಂಡರು,
ಆ ಶಬ್ದದ ಮ್ಯಾಲ ಗೆರಿ ಎಳದು
ಬಾಜೂಕ ಬರೆದರು:
ಕೇಳಸಲಿಲ್ಲ.